ಸೊರಬದ ಹುಡುಗನ ಪ್ರಭೆ

ಮನುಷ್ಯನ ಸುತ್ತ ಒಂದು ಬೆಳಕಿನ ವಲಯ ಇರುತ್ತದಂತೆ. ಇರಲಿ, ಯಾರು ಬೇಡ ಅಂದರು? ನನ್ನ ತಕರಾರು ಇಷ್ಟೇ: ಅದು ಊರಿಗೆಲ್ಲ ಕಾಣುತ್ತಿತ್ತು, ನನಗೆ ಮಾತ್ರ ಕಾಣುತ್ತಿರಲಿಲ್ಲ. ಶಿಕಾರಿಪುರದ ಶಿಬಿರವೊಂದರಲ್ಲಿ ತುಳಸಿ ಗಿಡದ ಮೇಲೆ ಅಂಗೈ ಹಿಡಿದು ಅದರ ಚೈತನ್ಯ ಗ್ರಹಿಸುವುದನ್ನು ಕಲಿಸಿದರು. ಅಕ್ಕಪಕ್ಕದವರೆಲ್ಲ ಆಹಾ ಎಂದರು. ಮರ್ಯಾದೆಗೆ ನಾನೂ ಆಹಾ ಎಂದೆ. ಮನೆಗೆ ಬಂದು ದಾಸವಾಳದ ಮೇಲೆ ಕೈ ಹಿಡಿದು, "ಬೆಚ್ಚಗಾಗ್ತೈತೆ ಕಣೇ" ಎಂದರೆ ನನ್ನ ಹೆಂಡತಿ, "ಬಿಸ್ಲಾಗೆ ಹಿಡಿದ್ರೆ ಬೆಚ್ಚಗಾಗ್ದೆ ತಣ್ಣಗಾಗ್ತೈತೇನ್ರೀ?" ಎಂದು ಒಳಗೆ ಹೋದಳು. ಜ್ಞಾನದ ಶತ್ರುಗಳು ಮನೆಯೊಳಗೇ ಇರುತ್ತಾರೆ.

ಬಳ್ಳಿಗಾವಿಯ ಶಿಲ್ಪಿಗಳು ಜಾಣರು. ನನ್ನಂಥ ಮಂದಗಣ್ಣಿನವರಿಗೆ ಅನುಕೂಲವಾಗಲೆಂದೋ ಏನೋ, ದೇವರ ಬೆನ್ನಿಗೆ ಪ್ರಭಾವಳಿಯನ್ನು ಕಲ್ಲಿನಲ್ಲೇ ಕೆತ್ತಿಬಿಟ್ಟರು. ಮನುಷ್ಯರಿಗೆ ಆ ಸೌಲಭ್ಯವಿಲ್ಲ. ಗಂಡಿನ ಮನೆ ನೋಡಲು ಹೋಗುವವರಿಗೆ ಇದರಿಂದ ಭಾರಿ ತೊಂದರೆ.

ಆ ಪಾಳಿ ನನಗೇ ಬಂತು. ಅಕ್ಕನ ಮಗಳು ಶ್ವೇತಾಳನ್ನು ಸೊರಬದ ಹುಡುಗ ಬಂದು ನೋಡಿಹೋಗಿದ್ದ. ಇನ್ನು ನಾವು ಅವರ ಮನೆ ನೋಡಬೇಕು. ನಮ್ಮಲ್ಲಿ ಅದಕ್ಕೆ ಹಿರಿಯರು ಹೋಗುತ್ತಾರೆ. ಬಾಳುವವಳು ಮಾತ್ರ ಹೋಗುವಂತಿಲ್ಲ! ಅಕ್ಕನಿಗೆ ಮಂಡಿನೋವು. ಹೊರಡುವಾಗ ಶ್ವೇತಾ, "ಮಾವ, ಗೋಡೆ ನೋಡ್ಬೇಡ, ಮನುಷ್ಯರ್ನ ನೋಡ್ಕಂಡು ಬಾ. ನಂಗೆ ಹೆದ್ರಿಕೆ ಆಗ್ತೈತೆ" ಎಂದಳು.

ಸೊರಬದ ಆ ಮನೆಯಲ್ಲಿ ಪವಾಡವೇ ನಡೆಯಿತು. ಹುಡುಗನ ತಲೆಯ ಸುತ್ತ ಹಾಲಿನಂಥ ಬೆಳಕು! ಅವರಮ್ಮನ ಸುತ್ತಲೂ ಅದೇ. ಅಂತೂ ನನಗೆ ಕಣ್ಣು ತೆರೆಯಿತಲ್ಲ ಎಂಬ ಸಂಭ್ರಮದಲ್ಲಿ, "ನಮ್ ಕಡೆಯಿಂದ ಒಪ್ಪಿಗೆ ಐತ್ರೀ" ಎಂದುಬಿಟ್ಟೆ.

ಬಸ್‌ಸ್ಟ್ಯಾಂಡಿಗೆ ಬಂದರೆ ಕಂಡಕ್ಟರನಿಗೂ ಪ್ರಭೆ, ಬಾಳೆಹಣ್ಣಿನ ಗಾಡಿಗೂ ಪ್ರಭೆ, ಸಂತೆಗೆ ಬಂದ ಕುರಿಗೂ ಪ್ರಭೆ. ಅನುಮಾನ ಬಂದು ಕನ್ನಡಕ ತೆಗೆದೆ. ಪೂಜೆ ಮುಗಿಸಿ ಕೈಗಂಟಿದ ವಿಭೂತಿಯನ್ನು ಹೆಗಲ ವಸ್ತ್ರಕ್ಕೆ ಒರೆಸುವುದು ನಮ್ಮ ಮನೆತನದ ಅಭ್ಯಾಸ. ಅವರ ಬಾಗಿಲಲ್ಲಿ ನಿಂತು ಅದೇ ವಸ್ತ್ರದಿಂದ ಕನ್ನಡಕದ ಧೂಳು ಒರೆಸಿದ್ದು ನನ್ನ ಸ್ವಂತ ಪ್ರತಿಭೆ. ಅಯ್ಯೋ ಶಿವನೇ! ವಿಭೂತಿ ನೋಡಿ ಹುಡುಗಿಯನ್ನು ಕೊಟ್ಟು ಬಂದಿದ್ದೆ.

ಬಸ್ಸಿನಲ್ಲಿ ಕೂತು, ಹಾಗಾದರೆ ನಿಜವಾಗಿ ಕಂಡದ್ದೇನು ಎಂದು ತಡಕಾಡಿದೆ. ಗುಡವಿಯ ಕೆರೆಯಂಚಿನಲ್ಲಿ ನಾನು ಹೆಜ್ಜೆಯಿಟ್ಟರೆ ಬೆಳ್ಳಕ್ಕಿಗಳು ಪುರ್ರನೆ ಎದ್ದುಹೋಗುತ್ತವೆ. ಎಮ್ಮೆ ನಡುವೆಯೇ ನುಗ್ಗಿದರೂ ಒಂದೂ ಏಳುವುದಿಲ್ಲ. ಕೆಲವು ಮನೆಗಳಲ್ಲಿ ಮಗ ಒಳಗೆ ಬಂದರೆ ಎಲ್ಲರೂ ಸೆರಗು, ಮಾತು, ನಗು ಸರಿಮಾಡಿಕೊಳ್ಳುತ್ತಾರೆ. ಈ ಹುಡುಗ ಅಂಗಡಿಯಿಂದ ಬಂದಾಗ ಕಾಲು ಚಾಚಿ ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿ ಕಾಲು ಮಡಚಲಿಲ್ಲ. ಅಡುಗೆಮನೆಯ ನಗು ನಿಲ್ಲಲಿಲ್ಲ. "ಅಣ್ಣಾ, ನನ್ ಚಾರ್ಜರ್ ಎಲ್ಲಿಟ್ಟೆ?" ಎಂದು ತಂಗಿ ನನ್ನೆದುರೇ ಜಗಳ ತೆಗೆದಳು.

ಶ್ವೇತಾಳಿಗೆ ಎಲ್ಲವನ್ನೂ ಹೇಳಿದೆ. "ನಿಂಗೆ ಬ್ಯಾಡಾಂದ್ರೆ ಈಗ್ಲೇ ಹೋಗಿ ಮಾತು ವಾಪಸ್ ತಗಂಡು ಬರ್ತೀನವ್ವ. ಬೈದ್ರೆ ಬೈಸ್ಕಂತೀನಿ."

ಅವಳು, "ಅವ್ರು ಅಂಗಡಿಯಿಂದ ಬಂದ್ಮ್ಯಾಲೆ ನೀನೇನ್ ಮಾಡ್ದೆ ಮಾವ?" ಎಂದು ಕೇಳಿದಳು.

"ನಾನಾ? ಇನ್ನೊಂದ್ ತಟ್ಟೆ ಉಪ್ಪಿಟ್ಟು ಹಾಕಿಸ್ಕಂಡೆ."

"ಅವ್ರಾಗೇ ಬಡಿಸಿದ್ರಾ, ನೀನು ಕೇಳ್ದ್ಯಾ?"

"ಕೇಳ್ದೆ."

ಮದುವೆಯಾಗಿ ತಲೆ ನರೆತರೂ ಹೆಂಡತಿಯ ತವರಿನಲ್ಲಿ ಇನ್ನೊಂದು ತುತ್ತು ಕೇಳಿದವನಲ್ಲ ನಾನು. ಅದು ಶ್ವೇತಾಳಿಗೂ ಗೊತ್ತು. ನನ್ನ ಮುಖವನ್ನೇ ನೋಡಿದಳು, ನಕ್ಕಳು, ಒಳಗೆ ತಿರುಗಿ ಕೂಗಿದಳು:

"ಅಮ್ಮಾ, ಮಾವ ಕೊಟ್ಟ ಮಾತು ಹಂಗೇ ಇರ್ಲಿ!"