ಗುರುವಾರ ಕೇಳಿದ ಕೊನೆಯ ಕಂತು

ಜುಲೈ ಇಪ್ಪತ್ತಾರು, ಭಾನುವಾರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕೂತಿದ್ದೇನೆ. ಮಳೆ ತುಸು ಬಿಟ್ಟಿದೆ. ತೆಂಗಿನಗುಂಡಿಯಲ್ಲಿ ಬೋಟು ನಿಲ್ಲುವ ದಕ್ಕೆಯ ಕಡೆಯಿಂದ ಪೇಂಟಿನ ವಾಸನೆ ಕಿಟಕಿಯೊಳಗೆ ಬರುತ್ತಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಐದೇ ದಿನ ಬಾಕಿ, ಹಾಗಾಗಿ ದಡಕ್ಕೆ ಎಳೆದಿಟ್ಟ ಬೋಟುಗಳಿಗೆ ಟಾರ್ಪಾಲಿನ ಕೆಳಗೆ ನಿಂತು ಬಣ್ಣ ಬಳಿಯುವ ಕೆಲಸ ನಡೆದಿದೆ. ಈ ವಾಸನೆ ಬಂದರೆ ಊರಿನವರಿಗೆ ಹುರುಪು ಬರುತ್ತದಂತೆ. ನನಗೆ ಬರುವುದು ಸಿಟ್ಟು. ಅದೂ ಎರಡು ವರ್ಷ ಹಳೆಯ ಸಿಟ್ಟು.

ಇವತ್ತು ಅದು ಮತ್ತೆ ಕೆರಳಲು ಕಾರಣ ಅಶ್ಫಾಕ್ ಭಾಯಿ. ಭಟ್ಕಳ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇವರು ಬೆಳಿಗ್ಗೆ ಏಳಕ್ಕೇ ಸಂದೇಶ ಕಳಿಸಿದ್ದಾರೆ: ‘ಟೀಚರ್, ಎರಡನೇ ಸೀಸನ್ ಬರ್ತಾ ಉಂಟು. ಟ್ರೇಲರ್ ನೋಡಿ. ಈಗ ನಿಮ್ಮ ಭಾವನಿಗೆ ಎಂತ ಹೇಳ್ತೀರಿ?’

ಎಂತ ಹೇಳುವುದು ಎಂದು ನನಗೂ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ. ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನನ್ನ ಊರು ಹೊನ್ನಾವರ. ಭಟ್ಕಳದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ತೆಂಗಿನಗುಂಡಿಯಲ್ಲಿ ಅಕ್ಕನ ಮನೆಯಲ್ಲಿ ಇರುತ್ತೇನೆ. ತಾರೀಕು, ವಾರ, ಹೊತ್ತು ಬರೆದಿಡುವುದು ನನ್ನ ಚಟ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಬಸ್ಸು ತಡವಾದ ದಿನ, ಅಕ್ಕ ನನ್ನ ಹತ್ತಿರ ಮಾತು ಬಿಟ್ಟ ದಿನ, ಎಲ್ಲ ಬರೆದಿರುತ್ತದೆ. ಭಾವ ಇದನ್ನು ಕಾಯಿಲೆ ಎನ್ನುತ್ತಾರೆ. ಭಾವ ಆಳಸಮುದ್ರದ ಬೋಟಿನಲ್ಲಿ ದುಡಿಯುವವರು. ಒಮ್ಮೆ ಹೋದರೆ ಹತ್ತು ದಿನ ಮನೆ ಕಾಣುವುದಿಲ್ಲ, ನಿಷೇಧದ ಎರಡು ತಿಂಗಳು ಮನೆ ಬಿಟ್ಟು ಕದಲುವುದಿಲ್ಲ.

ಎರಡು ವರ್ಷದ ಹಿಂದೆ ಆ ಎರಡು ತಿಂಗಳಿನಲ್ಲೇ ಅವರಿಗೆ ಈ ಧಾರಾವಾಹಿ ಅಂಟಿಕೊಂಡಿತು. ಅಂಟಿಸಿದವರು ಅಶ್ಫಾಕ್ ಭಾಯಿ. ಫೋನಿನ ಗಾಜು ಬದಲಿಸಿ ಕೊಡುವಾಗ ‘ಇದೊಂದು ನೋಡಿ, ಬಾಹ್ಯಾಕಾಶದ್ದು, ಕನ್ನಡದಲ್ಲೇ ಮಾತಾಡ್ತಾರೆ’ ಎಂದು ಮೊದಲ ಕಂತನ್ನು ಹಾಕಿಯೇ ಕೊಟ್ಟಿದ್ದರಂತೆ. ಭಾವ ಬಲೆಯ ರಾಶಿಗೆ ಫೋನು ಒರಗಿಸಿ ಬಲೆ ಹೆಣೆಯುತ್ತ ನೋಡಿದರು. ಮರುವಾರ ಅಕ್ಕ ಪಕ್ಕದಲ್ಲಿ ಕೂತಳು. ಮೂರನೇ ವಾರ ಫೋನು ಸಾಲದೆ ಟೀವಿಗೆ ಜೋಡಿಸಿ ನಾನೂ, ಅಕ್ಕನ ಅತ್ತೆಯೂ ಕೂತೆವು. ವಾರಕ್ಕೊಂದು ಕಂತು, ಶುಕ್ರವಾರ ಮಧ್ಯಾಹ್ನ ಬರುತ್ತಿತ್ತು. ಒಟ್ಟು ಎಂಟು.

ಧಾರಾವಾಹಿಯ ಹೆಸರು ಬರೆಯುವುದಿಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಹನ್ನೊಂದು ಜನರ ಒಂದು ನೌಕೆ ದೂರದ ಯಾವುದೋ ಚಂದ್ರನಿಂದ ನೀರು ತರಲು ಹೋಗುತ್ತದೆ. ನಡುದಾರಿಯಲ್ಲಿ ದೊಡ್ಡ ಇಂಜಿನ್ ಕೆಡುತ್ತದೆ. ಮೆಕ್ಯಾನಿಕ್ ಹುಡುಗಿಯೊಬ್ಬಳು ಸಣ್ಣ ನೌಕೆ ತೆಗೆದುಕೊಂಡು ಬಿಡಿಭಾಗ ತರಲು ಹೋಗುತ್ತಾಳೆ. ‘ಇಲ್ಲೇ ಇರುತ್ತೇವೆ, ಬಾ’ ಎಂದು ಕ್ಯಾಪ್ಟನ್ ಮಾತು ಕೊಟ್ಟಿರುತ್ತಾಳೆ. ಹುಡುಗಿಯಿಂದ ಸುದ್ದಿ ಬರುವುದಿಲ್ಲ. ಉಸಿರಾಡುವ ಗಾಳಿ ಮುಗಿಯುತ್ತ ಬರುತ್ತದೆ. ಉಳಿದ ಇಂಧನದಲ್ಲಿ ಸಣ್ಣ ಇಂಜಿನ್ ಓಡಿಸಿ ಉಳಿದ ಹತ್ತು ಜನ ಹೇಗೋ ಮನೆ ಸೇರಬಹುದು, ಈಗಲೇ ಹೊರಟರೆ ಮಾತ್ರ. ನೌಕೆ ಹೊರಡಿಸುವ ಸನ್ನೆಕೋಲಿನ ಮೇಲೆ ಕ್ಯಾಪ್ಟನ್ ಕೈ ಇಡುವಲ್ಲಿಗೆ ಏಳನೇ ಕಂತು ಮುಗಿಯಿತು.

ಅಲ್ಲಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ.

ಭಾವ ಮೊದಲಿನಿಂದಲೂ ಆ ನೌಕೆಯನ್ನು ಬೋಟೆಂದೇ ನೋಡಿದವರು. ಬೋಟಿನ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ, ಆ ಕ್ಯಾಪ್ಟನ್ ಅವರಿಗೆ ಹೆಣ್ಣು ತಾಂಡೇಲ. ‘ಇಲ್ಲೇ ಇರ್ತೆ ಅಂದ ಮೇಲೆ ಆ ಜಾಗ ಬಿಟ್ಟು ಹೋಗೂಕೆ ಆಗೂದಿಲ್ಲ. ಹೋದ್ರೆ ನಾಳೆ ಅವಳ ಬೋಟಿಗೆ ಯಾರು ಹತ್ತತಾರೆ?’ ಎಂದು ವಾದ. ಅಕ್ಕನ ಪ್ರಕಾರ ಹುಡುಗಿ ಐದನೇ ಕಂತಿನಲ್ಲೇ ಸತ್ತಿದ್ದಳು. ಅತ್ತೆಯ ಚಿಂತೆ ಬೇರೆ: ‘ಅಷ್ಟು ದೊಡ್ಡ ಬೋಟಿನಲ್ಲಿ ಒಂದು ಒಲೆ ಇಲ್ಯಾ? ಇಷ್ಟು ವಾರ ಆತು, ಒಬ್ರೂ ಉಂಡದ್ದು ಕಾಣ್ಲಿಲ್ಲ.’ ಅಶ್ಫಾಕ್ ಭಾಯಿ ಮಾತ್ರ ಒಂದು ಕಡೆ ನಿಲ್ಲುವವರಲ್ಲ. ಕ್ಯಾಪ್ಟನ್ ಮನುಷ್ಯಳೇ ಅಲ್ಲ, ಯಂತ್ರ ಎಂದರು. ಹುಡುಗಿಯೇ ಯಂತ್ರ ಎಂದರು. ಹುಡುಗಿ ಮತ್ತು ಕ್ಯಾಪ್ಟನ್ ಒಬ್ಬಳೇ, ಬೇರೆ ಬೇರೆ ವಯಸ್ಸಿನಲ್ಲಿ ಕಾಣುತ್ತಿದ್ದಾಳೆ ಎಂದರು. ನಾನು ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಎಲ್ಲರ ಊಹೆಗಳನ್ನೂ ಬರೆದೆ. ಭಾಯಿಯ ಹೆಸರಿನಲ್ಲಿ ಹದಿನಾಲ್ಕು ಊಹೆಗಳಾದವು, ಅದರಲ್ಲಿ ಆರು ಒಂದಕ್ಕೊಂದು ವಿರುದ್ಧ. ಹೇಳಿದರೆ, ‘ಯಾವುದಾದ್ರೂ ಒಂದು ಸರಿ ಬರ್ತದಲ್ಲ ಟೀಚರ್, ನೀವು ಬರ್ಕೊಳ್ಳಿ’ ಎಂದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಸೊನ್ನೆ ಕೊಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಕೊನೆಯ ಕಂತು ಬರುವ ಶುಕ್ರವಾರ ಭಾವ ಊರಲ್ಲಿ ಇರಲಿಲ್ಲ. ನಿಷೇಧ ಮುಗಿದಿತ್ತು. ಅವರ ಬೋಟು ಸೋಮವಾರವೇ ಐಸು ತುಂಬಿಕೊಂಡು ಹೊರಟಿತು. ಹೊರಡುವ ಮುಂಚೆ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: ‘ನೀವು ನೋಡಿ. ಬೇಡ ಅನ್ನೂದಿಲ್ಲ. ಆದ್ರೆ ನಾ ಬಂದು ನೋಡೂವರೆಗೆ ಯಾರ ಬಾಯಿಂದಲೂ ಒಂದು ಮಾತು ಹೊರಗೆ ಬರೂಕಾಗ. ಇವರನ್ನು ನಂಬೂಕಾಗೂದಿಲ್ಲ. ನೀ ನೋಡ್ಕೊ ಮಾರಾಯ್ತಿ.’

ನೋಡಿಕೊಳ್ಳುತ್ತೇನೆ ಎಂದೆ. ಜವಾಬ್ದಾರಿ ಎಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಆಸೆ.

ಶುಕ್ರವಾರ ಶಾಲೆ ಬಿಟ್ಟು ಬಂದು ನಾಲ್ಕೂ ಜನ ಕೂತು ನೋಡಿದೆವು. ಅಶ್ಫಾಕ್ ಭಾಯಿ ಅಂಗಡಿ ಮುಚ್ಚಿಯೇ ಬಂದಿದ್ದರು. ಕ್ಯಾಪ್ಟನ್ ಸನ್ನೆಕೋಲು ಎಳೆದಳು. ನೌಕೆ ಅಲುಗಲಿಲ್ಲ. ಆಮೇಲೆ ಒಂದು ಗೋಡೆ ಬಾಗಿಲಿನಂತೆ ತೆರೆಯಿತು, ಹೊರಗೆ ಬಿಳಿ ಕೋಟು ಹಾಕಿದವರು ನಿಂತಿದ್ದರು. ಎಲ್ಲವೂ ಭೂಮಿಯ ಮೇಲೇ ಒಂದು ದೊಡ್ಡ ಕೋಣೆಯಲ್ಲಿ ನಡೆದ ಪರೀಕ್ಷೆಯಂತೆ. ಕ್ಯಾಪ್ಟನ್ ಪಾಸೋ ಫೇಲೋ ಎಂದು ಯೋಚಿಸುವ ಬಿಳಿ ಕೋಟಿನವನ ಮುಖ ತೋರಿಸಿ ಮುಗಿಸಿದರು.

ಅತ್ತೆಯೇ ಮೊದಲು ಕೇಳಿದ್ದು: ‘ಹಾಗಾದ್ರೆ ಯಾರೂ ಎಲ್ಲಿಗೂ ಹೋಗ್ಲೇ ಇಲ್ಯಾ?’

‘ಇಲ್ಲ ಅತ್ತೆ.’

‘ಮತ್ತೆ ನಾವು ಎಂತಕ್ಕೆ ಕೂತದ್ದು?’

ಅಶ್ಫಾಕ್ ಭಾಯಿಯ ಹದಿನಾಲ್ಕರಲ್ಲಿ ಒಂದೂ ಸರಿಯಾಗಿರಲಿಲ್ಲ. ಅವರು ಚಪ್ಪಲಿ ಹಾಕಿಕೊಂಡು ಸುಮ್ಮನೆ ಹೋದರು. ಆ ಮನುಷ್ಯ ಸುಮ್ಮನೆ ಹೋದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಸಿಟ್ಟು ಬಂದಾಗ ಬೈದು ಮುಗಿಸಿದರೆ ಹಗುರಾಗುತ್ತದೆ. ನಮಗೆ ಬೈಯಲೂ ಬಾಯಿ ಇಲ್ಲ. ನಾನು ಹಾಕಿದ ನಿಯಮ ಬಿಗಿಯಾಗಿತ್ತು: ಮನೆಯಲ್ಲಿ ಬೇಡ, ಅಂಗಡಿಯಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ, ಏಕೆಂದರೆ ಭಟ್ಕಳದಲ್ಲಿ ಆಡಿದ ಯಾವ ಮಾತೂ ಸಂಜೆಯೊಳಗೆ ದಕ್ಕೆ ತಲುಪದೆ ಇರುವುದಿಲ್ಲ. ಅತ್ತೆ ಮೀನು ಕೊಳ್ಳಲು ಹೋದರೂ ನಾನು ಹಿಂದೆಯೇ ಹೋದೆ. ಭಾನುವಾರ ಹೊನ್ನಾವರಕ್ಕೆ ಹೊರಟೆ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಮಟಾದ ಇಬ್ಬರು ಕಾಲೇಜು ಹುಡುಗಿಯರು ಅದನ್ನೇ ಮಾತಾಡುತ್ತಿದ್ದರು. ಒಬ್ಬಳು ಆ ಕೊನೆ ಬಹಳ ಚೆನ್ನಾಗಿತ್ತು ಎಂದಳು. ಚೆನ್ನಾಗಿತ್ತಂತೆ. ಹೊನ್ನಾವರ ಬಂದಾಗ ಇಳಿಯದೆ, ಅವಳ ಜೊತೆ ವಾದ ಮಾಡಲೆಂದೇ ಕುಮಟಾದ ಟಿಕೆಟ್ ತೆಗೆಯೋಣವೇ ಎಂದು ನಿಜಕ್ಕೂ ಯೋಚಿಸಿದೆ.

ಗುರುವಾರ, ಆಗಸ್ಟ್ ಹದಿನೈದು. ಧ್ವಜಾರೋಹಣ ಮುಗಿಸಿ ಮನೆಗೆ ಬಂದರೆ ಭಾವ ಬಂದು, ಮಿಂದು, ಊಟಕ್ಕೆ ಕೂತಿದ್ದರು. ನಾನು ಚಪ್ಪಲಿ ಬಿಚ್ಚಿದವಳೇ ಟೀವಿಯ ರಿಮೋಟ್ ಹುಡುಕತೊಡಗಿದೆ. ಭಾವ ಮೀನು ಬಿಡಿಸುತ್ತ ಹೇಳಿದರು: ‘ಅದು ಬೇಡ. ನಂಗೆ ಕೇಳಿ ಆತು.’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಕ್ಕನ ಮುಖ ನೋಡಿದರು.

‘ಯಾರೂ ಹೇಳ್ಲಿಲ್ಲ ಮಾರಾಯ್ತಿ, ಹಾಗೆಲ್ಲ ನೋಡಬೇಡ. ವೈರ್‌ಲೆಸ್ಸಿನಲ್ಲಿ ಕೇಳದ್ದು. ಫ್ಯಾನಿಗೆ ಬಲೆ ಸಿಕ್ಕಿ ಇಂಜಿನ್ ನಿಂತಿತ್ತು...’

‘ಎಂತ? ಫ್ಯಾನಿಗೆ ಬಲೆ ಸಿಕ್ಕಿತ್ತಾ?’ ಅಕ್ಕ ಬಡಿಸುತ್ತಿದ್ದ ಸೌಟು ಹಾಗೆಯೇ ನಿಂತಿತು. ಬೋಟನ್ನು ನೀರಿನಡಿಯಲ್ಲಿ ತಿರುಗಿ ನೂಕುವುದೇ ಆ ಫ್ಯಾನು. ಅದು ನಿಂತರೆ ಬೋಟು ಅಲೆ ಹೇಳಿದಂತೆ ಕೇಳಬೇಕು.

‘ಸಿಕ್ಕಿತ್ತು, ಆಮೇಲೆ ಬಿಡಿಸ್ದೆವು. ಅದಲ್ಲ ಕತೆ, ಕೇಳು. ಗಾಳಿ ಜೋರು ಇತ್ತು. ಹಗ್ಗ ಕೊಟ್ಟು ಎಳಿಯೂಕೆ ಹತ್ತಿರದ ಬೋಟು ಬರೂಕೆ ನಾಕೈದು ತಾಸು ಬೇಕು ಅಂದ್ರು. ನಾವು ಏಳು ಜನ, ಸಿಕ್ಕದ್ದನ್ನ ಹಿಡ್ಕೊಂಡು ಕೂತಿದ್ದೆವು. ಆಗ ಬೇರೆ ಬೋಟಿನವ ಒಬ್ಬ ಕರೆದ. ದೂರ ಇದ್ದ, ಬರೂಕೆ ಆಗೂದಿಲ್ಲ ಅಂದ. ಮಾತು ಕುಮಟೆ ಬದಿಯವರ ಹಂಗೆ, ಒಂದೊಂದು ಮಾತಿಗೂ ತಿಳಿತಾ ತಿಳಿತಾ ಅಂತ ಕೇಳೂದು. ನಿಮ್ಮಲ್ಲಿ ಆ ನೌಕೆ ಕತೆ ನೋಡೋರು ಇದ್ದೀರಾ ಅಂದ. ಇದ್ದೆವು ಅಂದೆ. ಕೊನೆ ಎಂತ ಆತು ಹೇಳ್ತೆ ಅಂದ. ನಾ ಬೇಡ ಅನ್ನೂಕೆ ಹೋದೆ. ತಾಂಡೇಲ ನನ್ನ ಭುಜ ಹಿಡಿದ, ಹೇಳಲಿ ಬಿಡು ಅಂತ.’

ಆ ದನಿ ಹೇಳಿದ ಕೊನೆ ಹೀಗಿತ್ತು. ಕ್ಯಾಪ್ಟನ್ ಸನ್ನೆಕೋಲಿನಿಂದ ಕೈ ತೆಗೆದಳು. ಉಳಿದವರನ್ನು ಒಂದೇ ಕೋಣೆಗೆ ಕರೆದು ಕೂರಿಸಿದಳು, ಇರುವ ಗಾಳಿ ಹೆಚ್ಚು ಹೊತ್ತು ಬರಲಿ ಎಂದು. ಉಳಿದ ಇಂಧನವನ್ನು ದೀಪಕ್ಕೆ ತಿರುಗಿಸಿದಳು. ನೌಕೆಯಲ್ಲಿದ್ದ ಅಷ್ಟೂ ದೀಪ ಹೊತ್ತಿಸಿದಳು, ಹುಡುಗಿಗೆ ದೂರದಿಂದ ಜಾಗ ಕಾಣಲಿ ಎಂದು.

‘ಆಮೇಲೆ?’ ಎಂದೆ.

‘ಆಮೇಲೆ ದನಿ ಹೋಯ್ತು. ಅಷ್ಟರಲ್ಲಿ ಹಗ್ಗದ ಬೋಟು ಕಂಡಿತ್ತು. ಮತ್ತೆ ಕರೆದ್ರೆ ಅವ ಸಿಗ್ಲಿಲ್ಲ.’

ಅತ್ತೆ ಬಾಯಿ ತೆರೆದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ‘ಯಾವ ವಾರ ಭಾವ ಅದು?’

‘ಹೋದ ಗುರುವಾರ. ಬರ್ಕೊ, ಮತ್ತೆ ಮರೀತೆ.’

ಬರೆದುಕೊಳ್ಳಲು ಹೋಗಲಿಲ್ಲ. ಕೊನೆಯ ಕಂತು ಬಂದದ್ದು ಅದರ ಮರುದಿನ ಮಧ್ಯಾಹ್ನ.

ಅವತ್ತು ಸಂಜೆ ಹಿತ್ತಲಲ್ಲಿ ಅಕ್ಕ, ಅತ್ತೆ, ನಾನು ಸೇರಿ ತೀರ್ಮಾನಿಸಿದೆವು, ಫೋನಿನಲ್ಲಿ ಅಶ್ಫಾಕ್ ಭಾಯಿಯನ್ನೂ ಸೇರಿಸಿಕೊಂಡೆವು: ಭಾವನಿಗೆ ಹೇಳುವುದು ಬೇಡ. ಅಲ್ಲಿಂದ ಎರಡು ವರ್ಷ. ನಾಲ್ಕು ಜನ ದೊಡ್ಡವರು ಒಂದು ಕೆಟ್ಟ ಧಾರಾವಾಹಿಯ ಕೆಟ್ಟ ಕೊನೆಯನ್ನು ಮನೆಯ ಗುಟ್ಟಿನಂತೆ ಕಾದೆವು. ಟೀವಿಯಲ್ಲಿ ಅದರ ಚಿತ್ರ ಬಂದರೆ ಅಕ್ಕ ಚಾನೆಲ್ ತಿರುಗಿಸುತ್ತಾಳೆ. ಭಾವ ಅಂಗಡಿಗೆ ಹೋದರೆ ಅಶ್ಫಾಕ್ ಭಾಯಿ ಕ್ರಿಕೆಟ್ ಮಾತೆತ್ತುತ್ತಾರೆ, ಅವರಿಗೆ ಕ್ರಿಕೆಟ್ ಗೊತ್ತಿಲ್ಲ. ಈಗ ಹೊಸ ಸೀಸನ್ ಬಂದರೆ ಮೊದಲ ನಿಮಿಷದಲ್ಲೇ ‘ಈವರೆಗೆ’ ಎಂದು ಆ ಬಿಳಿ ಕೋಟುಗಳನ್ನು ತೋರಿಸುತ್ತಾರೆ. ಟ್ರೇಲರಿನಲ್ಲೂ ಅವರೇ ಇದ್ದಾರೆ. ಅಪರಿಚಿತರು ಹೇಳುವುದಕ್ಕಿಂತ ನಾನು ಹೇಳುವುದು ಮೇಲು.

ಇಲ್ಲಿಗೆ ಬರೆದು ಎದ್ದು ಹೋದೆ. ಈಗ ಮಧ್ಯಾಹ್ನ ಮೂರು. ಹೋಗಿ ಬಂದೆ.

ಭಾವ ಟಾರ್ಪಾಲಿನ ಕೆಳಗೆ ಬೋಟಿನ ಪಕ್ಕೆಗೆ ನೀಲಿ ಬಳಿಯುತ್ತಿದ್ದರು. ‘ಭಾವ, ಒಂದು ಹೇಳೂದಿತ್ತು. ಆ ನೌಕೆ ಕತೆಯ ಕೊನೆ ನೀವು ಕೇಳಿದ ಹಾಗಿಲ್ಲ’ ಎಂದೆ.

ಕುಂಚ ನಿಲ್ಲಲಿಲ್ಲ. ‘ಗೊತ್ತು. ಎಲ್ಲ ಒಂದು ಕೋಣೆ ಒಳಗಂತೆ. ಆ ಸಲ ದಕ್ಕೆಲಿ ಇಳಿದ ಕೂಡಲೆ ಐಸಿನವ ಹೇಳ್ದ.’

‘ಅಂದ್ರೆ, ಅವತ್ತು ಊಟಕ್ಕೆ ಕೂರುವ ಮೊದಲೇ?’

‘ಅದಕ್ಕೂ ಮೊದಲೇ ಗೊತ್ತಿತ್ತು. ಆ ವೈರ್‌ಲೆಸ್ಸಿನವ ಮೂರನೇ ತಾರೀಖಿಗೇ ಹೊರಟವ, ಅವನೇ ಹೇಳಿದ್ದ. ಶುಕ್ರವಾರ ಬರೂ ಕತೆ ಅವಗೆ ಎಲ್ಲಿಂದ ಗೊತ್ತಾಗೂದು? ನಮ್ಮ ಏಳೂ ಜನಕ್ಕೂ ತಿಳಿದಿತ್ತು. ಕೇಳ್ತಾ ಕೂತಿದ್ದೆವು.’

‘ನಮಗೆ ಒಂದು ಮಾತು ಹೇಳೂಕೆ ಆಗ್ಲಿಲ್ವಾ? ಎರಡು ವರ್ಷ...’

‘ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಾ ಇದ್ರಿ. ಅಶ್ಫಾಕ್ ಕ್ರಿಕೆಟ್ ಮಾತಾಡೂದು ನೋಡೂಕೆ ಚೆಂದ ಇತ್ತು.’

ನಾನು ಹೊರಟೆ. ಇಷ್ಟು ಸಿಟ್ಟಿನಲ್ಲಿ ಮಾತಾಡಿದರೆ ನಾಳೆ ಮತ್ತೆ ಕ್ಷಮೆ ಕೇಳುವ ಕೆಲಸ. ನಾಲ್ಕು ಹೆಜ್ಜೆ ಹೋಗಿರಬೇಕು, ಭಾವ ಹಿಂದಿನಿಂದ ಕರೆದರು. ಈ ಸಲ ಕುಂಚ ಡಬ್ಬಿಯ ಮೇಲೆ ಅಡ್ಡ ಇಟ್ಟಿದ್ದರು.

‘ದೀಪ ಹಾಕಿದ ಮೇಲೆ ಎಂತ ಆತು ಅಂತ ಒಂದು ಗೊತ್ತಾಗಬೇಕಿತ್ತು. ಪ್ರತಿ ಸಲ ಹೋದಾಗ ವೈರ್‌ಲೆಸ್ಸಿನಲ್ಲಿ ಕೇಳ್ತೆ. ತಾಂಡೇಲ ಬೈತ. ಬೋಟಿನ ಹೆಸರೂ ಆ ಗಾಳಿಲಿ ಸರಿ ಕೇಳ್ಲಿಲ್ಲ. ಅವ ಊರು ಮುಟ್ಟಿದ್ನೋ ಇಲ್ಯೋ ಅದೂ ಗೊತ್ತಿಲ್ಲ. ನೀ ಹೇಗೂ ಎಂತೆಂತದೋ ಬರೀತೆ. ಇದನ್ನೂ ಬರೆದು ನೋಡು.’

ಬರೆದಿದ್ದೇನೆ. ಎರಡು ವರ್ಷದ ಹಿಂದೆ ಆಗಸ್ಟಿನ ಎರಡನೇ ಗುರುವಾರ, ಇಂಜಿನ್ ನಿಂತ ತೆಂಗಿನಗುಂಡಿಯ ಬೋಟಿಗೆ ಕತೆ ಹೇಳಿದವರು ನೀವೇ ಆಗಿದ್ದರೆ, ಅಥವಾ ಮಾತು ಮಾತಿಗೆ ‘ತಿಳಿತಾ’ ಎನ್ನುವ ಅಂಥ ಒಬ್ಬರು ಕುಮಟಾ, ಹೊನ್ನಾವರದ ಬೋಟುಗಳಲ್ಲಿ ನಿಮಗೆ ಗೊತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಮೊದಲು, ಕ್ಷೇಮವೇ ಎಂದು ತಿಳಿಸಿ. ಆಮೇಲೆ, ಆ ಹುಡುಗಿಗೆ ದೀಪ ಕಂಡಿತೇ ಎಂದು.