ಚಹಾಕ್ಕಿಂತ ಒಂದು ತಾಸು ಮೊದಲು

ಅಫಜಲಪುರದ ಮೇ ತಿಂಗಳ ಬಿಸಿಲಿನಲ್ಲಿ ನನಗೆ ಚಳಿಯಾಗತೊಡಗಿತು. ಮನೆಯವರೆಲ್ಲ ಫ್ಯಾನಿನ ಕೆಳಗೆ ಬೆವರುತ್ತಿದ್ದರೆ ನಾನು ಚಾದರ ಹೊದ್ದು ಮಲಗುತ್ತಿದ್ದೆ. ಮುಖ ಊದಿತು. ಕೂದಲು ಉದುರಿತು. ರೊಟ್ಟಿ ಬಡಿಯುವಾಗ ಅಂಗೈ ಜೋಮು ಹಿಡಿದು, ರೊಟ್ಟಿ ನಡುವೆಯೇ ಹರಿಯುತ್ತಿತ್ತು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಎಂದು ಬಂತು.

ಊರಿನ ಡಾಕ್ಟರು ರಿಪೋರ್ಟ್ ನೋಡಿ ನನ್ನ ಗಂಡನೊಂದಿಗೆ ಮಾತಾಡಿದರು. ಸ್ಟೂಲಿನ ಮೇಲೆ ಕೂತವಳು ಮಾತ್ರ ನಾನು. "ದಿನಾ ಒಂದು ಗುಳಿಗಿ ಕೊಡ್ರಿ. ಹೆಣ್ಮಕ್ಕಳಿಗೆ ಇದು ಕಾಮನ್ ಅದ" ಎಂದರು. ಹೇಗೆ ನುಂಗಬೇಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಗುಳಿಗೆ ನುಂಗುವುದರಲ್ಲಿ ಕೇಳುವಂಥದ್ದೇನಿದೆ?

ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಹನಿ ನೀರೂ ಬಾಯಿಗೆ ಬೀಳುವುದಿಲ್ಲ. ಪೂಜೆ ಮುಗಿಯುವುದೇ ತಡ, ಅತ್ತೆ ಗಟ್ಟಿ ಹಾಲಿನ ಚಹಾ ತಂದು ಮುಂದಿಟ್ಟು, ತಾವೂ ಕುಡಿಯಲು ಕೂರುತ್ತಿದ್ದರು. ಆ ಚಹಾದ ಜೊತೆಗೇ ಗುಳಿಗೆ ನುಂಗಿದೆ. ತಿಂಗಳುಗಟ್ಟಲೆ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ.

ಏನೂ ಕಡಿಮೆಯಾಗಲಿಲ್ಲ. ಡಾಕ್ಟರು ಗುಳಿಗೆಯ ಪವರ್ ಹೆಚ್ಚಿಸಿದರು. ಆಗಲೂ ಇಲ್ಲ. ಮುಂದಿನ ಸಲ ಹೋದಾಗ "ಸರ್, ಕೈ ಜೋಮು..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವರು ಗಂಡನ ಕಡೆ ತಿರುಗಿದರು.

"ಇವರು ಗುಳಿಗಿ ತಗೋವಲ್ರು ನೋಡ್ರಿ. ತಗೊಂಡಿದ್ರ ರಿಪೋರ್ಟ್ ಹಿಂಗ ಬರ್ತಿದ್ದಿಲ್ಲ."

ಗಂಡ ನನ್ನನ್ನೇ ನೋಡಿದರು.

ಆ ನೋಟದ ನಂತರ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಂಗೈಯ ಜೋಮು ಒಳಗೂ ಹಬ್ಬಿದಂತಿತ್ತು. ಸಂಜೆ ಅತ್ತೆ ಫೋನಿನಲ್ಲಿ ತಮ್ಮ ತಂಗಿಗೆ ಹೇಳುತ್ತಿದ್ದರು: "ದುಡಿಯಾಕ ಮನಸ್ಸಿಲ್ಲ, ಅದಕ್ಕ ಜಡ್ಡು ಅಂತಾಳ." ನಾನು ಹಿಟ್ಟು ನಾದುತ್ತ ಕೇಳಿಸಿಕೊಂಡೆ. ಡಾಕ್ಟರ ಒಂದು ಮಾತಿಗೆ ನನ್ನ ಇಡೀ ಮೈ ಸುಳ್ಳಾಗಿತ್ತು.

ಅತ್ತೆಯ ಮೊಣಕಾಲು ತೋರಿಸಲು ಕಲಬುರಗಿಗೆ ಹೋದ ದಿನ, ನಾನೂ ಅಲ್ಲಿಯ ಒಬ್ಬ ಡಾಕ್ಟರಮ್ಮನ ಮುಂದೆ ಕೂತೆ. ಅತ್ತೆ ಪಕ್ಕದಲ್ಲಿದ್ದರು.

"ನಾ ದಿನಾ ಗುಳಿಗಿ ನುಂಗೇನ್ರಿ ಮೇಡಂ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ."

"ನಂಬ್ತೇನಿ. ಯಾತರ ಜೋಡಿ ನುಂಗ್ತೀರಿ?"

"ಚಹಾದ ಜೋಡಿ."

ಅವರು ಪೆನ್ನು ಕೆಳಗಿಟ್ಟರು. ಹಾಲು, ಚಹಾದ ಜೊತೆ ಈ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಒಂದು ತಾಸು ತಡೆಯಬೇಕಂತೆ. ಇಷ್ಟು ಹೇಳಲು ಅವರಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಮರುದಿನ ನಾನು ಪೂಜೆ ಮುಗಿಸಿ ಪಾದೋದಕದ ತೀರ್ಥ ತೆಗೆದುಕೊಳ್ಳುವುದನ್ನೇ ಕಾಯುತ್ತಿದ್ದ ಅತ್ತೆ, ಗುಳಿಗೆಯನ್ನೂ ಒಂದು ತಂಬಿಗೆ ನೀರನ್ನೂ ತಂದು ನನ್ನ ಮುಂದಿಟ್ಟರು.

"ಈಗ ನುಂಗು. ಚಹಾ ಆಮ್ಯಾಲ."

"ನೀವಾದ್ರೂ ಕುಡೀರಿ, ಅತ್ತಿ."

"ಇಷ್ಟ್ ದಿನ ಚಹಾ ಕೊಟ್ಟಾಕಿ ನಾನ ಅಲ್ಲೇನು" ಎಂದವರು ಒಲೆಯ ಕಡೆ ಹೋಗಲಿಲ್ಲ.

ಈಗ ರಿಪೋರ್ಟ್ ಸ್ವಲ್ಪ ಸುಧಾರಿಸಿದೆ. ಗುಳಿಗೆ ಬಹುಶಃ ಜೀವನಪೂರ್ತಿ. ಕೆಲವು ಮುಂಜಾನೆ ಅಂಗೈ ಇನ್ನೂ ಜೋಮು ಹಿಡಿಯುತ್ತದೆ. ಗಂಡ ಆ ದಿನದ ಮಾತೆತ್ತಿಲ್ಲ, ನಾನೂ ಎತ್ತಿಲ್ಲ. ಸಂತೋಷವಾಗಿದೆಯೇ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೋ ತಿಳಿಯದು. ಆದರೆ ಪೂಜೆ ಮುಗಿದ ಕ್ಷಣವೇ ಚಹಾ ಬೇಕಿದ್ದ ನನ್ನತ್ತೆ, ಈಗ ಒಂದು ತಾಸು ಖಾಲಿ ಕಪ್ಪು ಮುಂದಿಟ್ಟುಕೊಂಡು ನನ್ನ ಜೊತೆ ಕೂತಿರುತ್ತಾರೆ.