ಎರಡನೇ ಸ್ವರದ ವಿನೋದಿನಿ

ವಿನೋದಿನಿ ಒಬ್ಬಳೇ ಹಾಡುವುದನ್ನು ಕೇಳಿದವರು, ಪಾಪ, ಈ ಹೆಂಗಸಿಗೆ ಹಾಡಲು ಬರುವುದಿಲ್ಲ ಅಂತಲೇ ತಿಳಿದಾರು. ಅವರ ತಪ್ಪಲ್ಲ ಬಿಡಿ. ಮಂಗಳೂರಿನ ಚರ್ಚಿನ ಕ್ವಾಯರಿನಲ್ಲಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅವಳನ್ನು ಆಲ್ಟೊ ಸಾಲಿಗೆ ನಿಲ್ಲಿಸಿದರು. ಅರವತ್ತು ದಾಟಿ ನೈರೋಬಿಯಲ್ಲಿ ಕೂದಲು ಬೆಳ್ಳಗಾದರೂ ಅವಳು ನಿಂತಿರುವುದು ಅಲ್ಲೇ. ಅವರ ಕಡೆಯ ಪ್ರೊಟೆಸ್ಟೆಂಟರು ಕನ್ನಡ ಕೀರ್ತನೆಯನ್ನು ನಾಲ್ಕು ಸ್ವರದಲ್ಲಿ ಹಾಡುವವರು. ಹಾಡಿನ ಮಟ್ಟು ಮೊದಲನೇ ಸಾಲಿನ ಹೆಂಗಸರದ್ದು. ಅದರ ಕೆಳಗೆ ಆಲ್ಟೊ, ಆಮೇಲೆ ಗಂಡಸರ ಟೆನರ್, ತೀರಾ ಕೆಳಗೆ ಬಾಸ್. ನಾಲ್ಕೂ ಸೇರಿದರೆ ಕೇಳುವವರ ಮೈ ಜುಮ್ಮೆನ್ನುತ್ತದೆ. ಆಲ್ಟೊ ಒಂದನ್ನೇ ಬಿಡಿಸಿ ಹಾಡಿದರೆ ಮಾತ್ರ ಯಾರೋ ಬೀಗದ ಕೈ ಹುಡುಕುತ್ತಾ ಗುನುಗಿದ ಹಾಗಿರುತ್ತದೆ. ವಿನೋದಿನಿಗೆ ಕೀರ್ತನೆಗಳ ಆಲ್ಟೊ ಎಲ್ಲ ಬಾಯಿಪಾಠ, ಮಟ್ಟು ಒಂದರದ್ದೂ ಬಾರದು. ಕಲಿಯುವ ಜರೂರು ಬಿದ್ದರಲ್ಲವೇ? ಮಟ್ಟು ಹಾಡಲು ಪಕ್ಕದಲ್ಲಿ ಶರ್ಮಿಳಾ ಇದ್ದಳು.

ಶರ್ಮಿಳಾ ಅದೇ ಕ್ವಾಯರಿನವಳು, ಅದೇ ಬೀದಿಯವಳು. ವಿನೋದಿನಿ ಮದುವೆಯಾಗಿ, ಇಂಡಸ್ಟ್ರಿಯಲ್ ಏರಿಯಾದ ಸಾಬೂನು ಕಾರ್ಖಾನೆಯೊಂದರ ಮ್ಯಾನೇಜರ್ ಮಧುಕರನ ಹೆಂಡತಿಯಾಗಿ ನೈರೋಬಿಗೆ ಬಂದಳು. ಎರಡು ವರ್ಷ ಬಿಟ್ಟು ಶರ್ಮಿಳಾ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕೆಲಸ ಹಿಡಿದು ಅದೇ ಊರಿಗೆ ಬಂದಿಳಿದಳು. "ನಿನ್ನ ಆಲ್ಟೊ ಕೇಳಿ ಆಫ್ರಿಕಾದವರು ಹೆದರಿಯಾರು ಅಂತ ಬಂದೆ ಮಾರಾಯ್ತಿ" ಎಂದು ವಿಮಾನ ನಿಲ್ದಾಣದಲ್ಲೇ ತಮಾಷೆ ಮಾಡಿದಳಂತೆ.

ನೈರೋಬಿಯ ಲೊರೆಶೋ ಬಡಾವಣೆಯ ಒಂದು ಚರ್ಚಿನವರು ಭಾನುವಾರ ಮಧ್ಯಾಹ್ನ ತಮ್ಮ ಹಾಲ್ ಬಿಟ್ಟುಕೊಟ್ಟರು. ಅಲ್ಲಿ ಕನ್ನಡ ಪ್ರಾರ್ಥನೆ ಶುರುವಾಯಿತು. ಮಧುಕರ ಬಾಸ್ ಹಾಡುವವನು. ಬ್ಯಾಂಕಿನ ಉಮಾಕಾಂತ ಟೆನರ್. ಇವರಿಬ್ಬರು, ಆ ಇಬ್ಬರು ಗೆಳತಿಯರು, ನಾಲ್ಕು ಸ್ವರಕ್ಕೆ ನಾಲ್ಕು ಜನ. ಪ್ರಾರ್ಥನೆ ಮುಗಿದು ಬಾಗಿಲು ಹಾಕುವ ಮೊದಲು ಸಂಜೆಯ ಕೀರ್ತನೆಯೊಂದನ್ನು ಹಾಡಿಯೇ ಹೊರಡುವುದು ಅವರ ಕ್ರಮ. ಹಾಲ್‌ನ ಕಾವಲುಗಾರ ಕೂಡ ಆ ಹಾಡು ಮುಗಿಯುವ ತನಕ ಗೇಟು ಸದ್ದು ಮಾಡುತ್ತಿರಲಿಲ್ಲ.

ಅಭಿಯ ವಿಷಯ ಈಗ ಹೇಳಲೇಬೇಕು, ಅದಿಲ್ಲದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಮದುವೆಯಾಗಿ ತುಂಬಾ ವರ್ಷಕ್ಕೆ ವಿನೋದಿನಿಗೆ ಒಂದು ಗಂಡುಮಗು ಹುಟ್ಟಿತು. ಆ ಚರ್ಚ್ ಹಾಲ್‌ನಲ್ಲೇ ಅದಕ್ಕೆ ದೀಕ್ಷಾಸ್ನಾನವಾಯಿತು. ಮಗುವಿನ ಸಾಕ್ಷಿಯಾಗಿ ನಿಂತು, ಅದನ್ನು ಎತ್ತಿ ಹಿಡಿದವಳು ಶರ್ಮಿಳಾ. ಸಭಾಪಾಲಕರು ಮೂರು ಸಲ ತಲೆಗೆ ನೀರು ಹಾಕಿದಾಗ ಅಭಿ ಅಳದೆ ಶರ್ಮಿಳಾಳ ಕನ್ನಡಕ ಕಿತ್ತು ಕೈಯಲ್ಲಿ ಹಿಡಿದುಕೊಂಡಿತು, ಎಲ್ಲರೂ ನಕ್ಕರು. ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಮಗು ಹೋಯಿತು. ಆಮೇಲೆ ಆ ಮನೆಯಲ್ಲಿ ಇನ್ನೊಂದು ತೊಟ್ಟಿಲು ಕಟ್ಟಲಿಲ್ಲ. ವಿನೋದಿನಿಗೆ ಉಳಿದದ್ದು ಇಷ್ಟೇ: ನನ್ನ ಮಗನ ತಲೆಗೆ ನೀರು ಬಿದ್ದಿದೆ, ಅವನು ಕರ್ತನವನು, ಅವನನ್ನು ನಾನು ನೋಡಿಯೇ ನೋಡುತ್ತೇನೆ. ಈ ಒಂದು ಮಾತನ್ನು ಹಿಡಿದುಕೊಂಡು ಅವಳು ಮತ್ತೆ ಅಡುಗೆ ಮಾಡಿದಳು, ಮತ್ತೆ ಸೀರೆ ಉಟ್ಟಳು, ಮತ್ತೆ ಹಾಡಿದಳು.

ಹಾಗೇ ವರ್ಷಗಳು ಕಳೆದವು. ಆಮೇಲೆ ಧನಂಜಯ್ ಬಂದ. ಬೆಂಗಳೂರಿನ ಹುಡುಗ, ಟೆಲಿಕಾಂ ಕಂಪನಿಯಿಂದ ಪೋಸ್ಟಿಂಗ್ ಮೇಲೆ ಬಂದವನು. ಕೆಟ್ಟವನೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಯಿಲೆಯವರ ಮನೆಗೆ ಮೊದಲು ಹೋಗುವವನು ಅವನೇ, ಗಿಟಾರ್ ಬಾರಿಸಿ ಹಾಡಿದರೆ ಕಣ್ಣಲ್ಲಿ ನೀರು ತರಿಸುವವನೂ ಅವನೇ. ಒಂದು ಭಾನುವಾರ ಪ್ರಾರ್ಥನೆಯ ನಡುವೆ ಪ್ರಸಂಗ, ಅಂದರೆ ಉಪದೇಶ, ಮಾಡಲು ಅವನಿಗೆ ಕೊಟ್ಟರು. ದೀಕ್ಷಾಸ್ನಾನವೆಂದರೆ ಬುದ್ಧಿ ಬಂದವರು ತಾವಾಗಿ ನಂಬಿ ನೀರಿನಲ್ಲಿ ಪೂರ್ತಿ ಮುಳುಗಿ ಏಳುವುದು ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಕೂಸಿನ ತಲೆ ಮೇಲೆ ನೀರು ಚಿಮುಕಿಸಿದರೆ ಕೂಸಿನ ತಲೆ ಒದ್ದೆಯಾಗುತ್ತೆ, ಅಷ್ಟೇ" ಎಂದುಬಿಟ್ಟ. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅಭಿಯ ವಿಷಯ ಆ ಹುಡುಗನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಎದ್ದು ನಿಂತು ಸುಮ್ಮನಿರಪ್ಪ ಎನ್ನಬೇಕಿತ್ತು, ಒಬ್ಬರಾದರೂ ಏಳಬೇಕಲ್ಲ! ಮಧುಕರ ಮಾತ್ರ ಎದ್ದು ಹೆಂಡತಿಯ ಕೈ ಹಿಡಿದು ಹೊರಗೆ ನಡೆದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ತಿಂಗಳೊಳಗೆ ಸಭೆ ಎರಡಾಯಿತು. ಸ್ಪ್ರಿಂಗ್ ವ್ಯಾಲಿಯಲ್ಲಿ ಯಾರದೋ ದೊಡ್ಡ ಬಂಗಲೆ, ಹಿಂದೆ ಈಜುಕೊಳ. ಧನಂಜಯ್ ಕಡೆಯವರು ಅಲ್ಲಿ ಸೇರತೊಡಗಿದರು. ಒಂದು ಶನಿವಾರ ಆ ಕೊಳದಲ್ಲಿ ಮುಳುಗಿ ಎದ್ದವರಲ್ಲಿ ಶರ್ಮಿಳಾ ಇದ್ದಳು.

ಸುದ್ದಿ ಕೇಳಿ ವಿನೋದಿನಿ ಅವಳ ಮನೆ ಬಾಗಿಲಿಗೇ ಹೋದಳು. ಒಳಗೆ ಕಾಲಿಡಲಿಲ್ಲ. "ನನ್ನ ಅಭಿಯನ್ನು ಎತ್ತಿಕೊಂಡ ಕೈಯನ್ನು ತೊಳೆದುಕೊಂಡು ಬಂದೆಯಾ?" ಎಂದು ಕೇಳಿದಳು. ಶರ್ಮಿಳಾ ಏನೋ ಹೇಳಲು ಬಾಯಿ ತೆರೆದಳು, ಕೇಳಲು ವಿನೋದಿನಿ ನಿಲ್ಲಬೇಕಲ್ಲ? ಅಷ್ಟು ಹೊತ್ತಿಗೆ ಗೇಟು ದಾಟಿದ್ದಳು.

ಇನ್ನು ಆ ಎರಡು ಸಭೆಗಳ ಅವಸ್ಥೆ ನೋಡಿ. ಲೊರೆಶೋದಲ್ಲಿ ಆಲ್ಟೊ ಇತ್ತು, ಟೆನರ್ ಇತ್ತು, ಬಾಸ್ ಇತ್ತು, ಹಾಡಿನ ಮಟ್ಟೇ ಇಲ್ಲ. ಅದನ್ನು ಯಾರೋ ಕೀಬೋರ್ಡಿನಲ್ಲಿ ಒಂದು ಬೆರಳಲ್ಲಿ ಒತ್ತುತ್ತಿದ್ದರು. ಸ್ಪ್ರಿಂಗ್ ವ್ಯಾಲಿಯಲ್ಲಿ ಮಟ್ಟು ಬಲ್ಲವಳು ಇದ್ದಳು, ಹಳೆಯ ಕೀರ್ತನೆ ಬೇಕಾದವರು ಒಬ್ಬರೂ ಇಲ್ಲ; ಎಲ್ಲಾ ಗಿಟಾರ್ ಹಾಡು. ಎರಡೂ ಕಡೆಯವರು ತಾವೇ ಸತ್ಯ ಸಭೆ ಎಂದುಕೊಂಡು ಭಾನುವಾರ ಭಾನುವಾರ ಐಕ್ಯಕ್ಕಾಗಿ ಪ್ರಾರ್ಥಿಸಿದರು. ದೇವರಿಗೆ ಎಷ್ಟು ತಾಳ್ಮೆಯೋ!

ಮೂರು ಕ್ರಿಸ್ಮಸ್ ಹೀಗೆ ಹೋದವು. ವಿನೋದಿನಿ ಪ್ರತಿ ವರ್ಷ ಕ್ರಿಸ್ಮಸ್ ತಿಂಡಿ ಕಲ್‌ಕಲ್ ಕರಿದು ಶರ್ಮಿಳಾಳ ಪಾಲನ್ನು ಡಬ್ಬಿಗೆ ತುಂಬಿದಳು, ಕಳಿಸಲಿಲ್ಲ. ಜನವರಿಯಲ್ಲಿ ಅದನ್ನು ಕಾರ್ಖಾನೆಯ ಡ್ರೈವರಿಗೆ ಕೊಡುವಳು, ಅವನು "ಅಸಾಂಟೆ ಮಾಮಾ", ಉಪಕಾರವಾಯಿತು ಅಮ್ಮ, ಎಂದು ಅವನ ಭಾಷೆಯಲ್ಲಿ ಹೇಳಿ ತೆಗೆದುಕೊಂಡು ಹೋಗುವನು.

ಕಳೆದ ಮಳೆಗಾಲದಲ್ಲಿ ಶರ್ಮಿಳಾಳ ಮಗಳು ತೇಜಸ್ವಿನಿ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದ, ಅಪ್ಪನಿಲ್ಲದ ಹುಡುಗಿ, ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಆಂಟಿ, ಮಮ್ಮಿ ಈಸ್ ಆಸ್ಕಿಂಗ್ ಫಾರ್ ಯೂ. ಪ್ಲೀಸ್ ಕಮ್" ಎಂದಳು. ಸ್ತನದ ಕ್ಯಾನ್ಸರ್, ಶ್ವಾಸಕೋಶಕ್ಕೆ ಹಬ್ಬಿದೆ ಎಂದೂ ಅವಳೇ ಹೇಳಿದಳು. ವಿನೋದಿನಿ ಸಾರಿಟ್ಟ ಒಲೆ ಆರಿಸಲೂ ಮರೆತು ಹೊರಟಳು.

ಹಾಸಿಗೆಯಲ್ಲಿ ಶರ್ಮಿಳಾ ಇಷ್ಟೇ ಇಷ್ಟಾಗಿದ್ದಳು. ವಿನೋದಿನಿಯನ್ನು ನೋಡಿ "ದಪ್ಪ ಆಗಿದ್ದೀ" ಎಂದಳು. ವಿನೋದಿನಿ ಮಂಚದ ಅಂಚಿನಲ್ಲಿ ಕೂತು ಅವಳ ಕಾಲು ಒತ್ತತೊಡಗಿದಳು.

ಶರ್ಮಿಳಾಳೇ ಉಸಿರು ಕೂಡಿಸಿ ಕೂಡಿಸಿ ಹೇಳಿದಳು. "ಗಂಟು ಸಿಕ್ಕಿದ್ದು ಆವಾಗಲೇ ವಿನ್ನಿ, ಆ ಶನಿವಾರಕ್ಕೆ ಮೊದಲು. ಯಾರಿಗೂ ಹೇಳಲಿಲ್ಲ. ಗಂಡ ಇಲ್ಲ, ಹುಡುಗಿಗೆ ಪರೀಕ್ಷೆ. ಹೆದರಿಕೆ ಅಂದರೆ ಎಂಥ ಹೆದರಿಕೆ. ಆ ಹುಡುಗ ಕೂತು ಪ್ರಾರ್ಥಿಸಿದ, ನೀರಿಗೆ ಇಳಿ ಅಂದ, ಇಳಿದೆ. ಮುಳುಗಿದ ಒಂದು ಗಳಿಗೆ ಹೆದರಿಕೆ ಇರಲಿಲ್ಲ. ಅಷ್ಟೇ ನನಗೆ ಬೇಕಿತ್ತು. ಅಭಿಯ ತಲೆಗೆ ಬಿದ್ದ ನೀರು ಸುಳ್ಳು ಅಂತ ನಾನು ಯಾವಾಗ ಹೇಳಿದೆ?"

ಹೌದಲ್ಲ. ಹೇಳಿರಲಿಲ್ಲ. ಮೂರು ವರ್ಷ ವಿನೋದಿನಿ ಮನಸ್ಸಿನೊಳಗೆ ಜಗಳವಾಡಿದ್ದು ಶರ್ಮಿಳಾ ಆಡದ ಮಾತಿನ ಜೊತೆಗೆ. "ನಾನು ನಿಂತು ಕೇಳಬೇಕಿತ್ತು. ಕ್ಷಮಿಸು ಶಮ್ಮಿ" ಎಂದಳು.

"ಕ್ಷಮೆ ಎಂತದ್ದು, ಹಾಡು" ಎಂದಳು ಶರ್ಮಿಳಾ. ವಿನೋದಿನಿ ಸಂಜೆಯ ಕೀರ್ತನೆ ಶುರುಮಾಡಿದಳು. ಕೋಣೆಯಲ್ಲಿದ್ದ ನರ್ಸ್ ತಲೆಯೆತ್ತಿ ನೋಡಿದಳು. ಶರ್ಮಿಳಾಳಿಗೆ ದನಿ ಬರಲಿಲ್ಲ, ತುಟಿ ಮಾತ್ರ ಮಟ್ಟಿನ ಜೊತೆ ಅಲ್ಲಾಡಿತು. ಮುಗಿದ ಮೇಲೆ ನಕ್ಕಳು. "ಒಬ್ಬಳೇ ಹಾಡಿದರೆ ನಿನ್ನನ್ನು ಯಾರೂ ಮನೆಗೆ ಸೇರಿಸಲಿಕ್ಕಿಲ್ಲ. ನನ್ನ ಮಣ್ಣಿನ ದಿವಸ ಇದನ್ನೇ ಹಾಡಿ ಆಯ್ತಾ, ನಾಲ್ಕು ಸ್ವರದಲ್ಲಿ. ಮಧುಕರಣ್ಣ, ಉಮಾಕಾಂತಣ್ಣ ಎಲ್ಲ ಬರಲಿ. ಮಾತು ಕೊಡು." ವಿನೋದಿನಿ ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಶರ್ಮಿಳಾ ಆ ವಾರ ದಾಟಲಿಲ್ಲ.

ಮಣ್ಣಿನ ಪ್ರಾರ್ಥನೆ ನಡೆಸುವವನು ಧನಂಜಯ್; ಏನನ್ನುತ್ತಾನೋ ಎಂದು ಅಳುಕುತ್ತಲೇ ವಿನೋದಿನಿ ಅವನಿಗೆ ಫೋನ್ ಮಾಡಿದಳು. ಅವನು "ಆಂಟಿ, ಖಂಡಿತ ಹಾಡಿ. ಅವತ್ತು ನಾನು ಆಡಿದ ಮಾತು... ನಂಗೆ ಆಮೇಲೆ ಗೊತ್ತಾಯ್ತು. ಹೇಗೆ ಮುಖ ತೋರಿಸೋದು ಅಂತ ಬರಲಿಲ್ಲ" ಎಂದ. ಫೋನಿನಲ್ಲೇ ಅತ್ತುಬಿಟ್ಟ.

ಬಾಗಿಲು ಹಾಕಿದವರು ವಿನೋದಿನಿಯ ಕಡೆಯವರೇ. ಉಮಾಕಾಂತ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮಾತಾಡಿದ. "ಬರ್ತೇನೆ, ಹೂವು ಇಡ್ತೇನೆ. ಆದರೆ ಅವರು ನಡೆಸುವ ಪ್ರಾರ್ಥನೆಯಲ್ಲಿ ಹಾಡಿದರೆ ನಮ್ಮ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ ಅಂತ ಒಪ್ಪಿದ ಹಾಗಾಗ್ತದೆ. ಹಿರಿಯರು ಕೇಳಿದರೆ ನಾನೇನು ಹೇಳಲಿ ವಿನೋದಿನಿ?" ಎಂದ. ಟೆನರ್ ಹೋಯಿತು.

ಮಧುಕರ ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿದ. ಶರ್ಮಿಳಾಳ ಗಂಟಿನ ಕತೆ, ಹೆದರಿಕೆಯ ಕತೆ, ಕೊಟ್ಟ ಮಾತು.

"ಶರ್ಮಿಳಾಳ ಮೇಲೆ ನನಗೆ ಸಿಟ್ಟಿಲ್ಲ" ಎಂದ. "ಆ ಹುಡುಗನ ಪಕ್ಕ ನಿಂತು ಬಾಯಿ ತೆರೆಯಲು ನನ್ನಿಂದಾಗುವುದಿಲ್ಲ. ಅವನು ನನ್ನ ಮಗನ ತಲೆ ಒದ್ದೆಯಾಯಿತು ಅಂದ, ಜನ ನಕ್ಕರು. ಆ ನಗು ನನ್ನ ಕಿವಿಯಲ್ಲೇ ಉಂಟು."

"ಅವನಿಗೆ ಗೊತ್ತಿರಲಿಲ್ಲ, ಇವರೇ. ಅಳುತ್ತಿದ್ದಾನೆ ಈಗ."

"ಅಳಲಿ. ಅಭಿಗೆ ನಾನು ಒಬ್ಬನೇ ಅಪ್ಪ." ಅವನು ಇನ್ನೊಂದು ಬೂಟು ಕೈಗೆತ್ತಿಕೊಂಡ. ವಿನೋದಿನಿಗೆ ಅವನ ಮೇಲೆ ಕೂಗಾಡಬೇಕು ಅನಿಸಿತು, ತಬ್ಬಿಕೊಂಡು ಅಳಬೇಕು ಅಂತಲೂ ಅನಿಸಿತು. ಎರಡೂ ಮಾಡದೆ ಚೀಲ ಹಿಡಿದು ಹೊರಟಳು.

ಸ್ಮಶಾನದ ಕೆಂಪು ಮಣ್ಣು ಮಳೆಗೆ ಜಾರುತ್ತಿತ್ತು. ಧನಂಜಯ್ ಪ್ರಾರ್ಥಿಸಿದ, ಹುಡುಗರು ಗಿಟಾರ್ ಹಿಡಿದು ಇಂಗ್ಲಿಷಿನಲ್ಲಿ ಹಾಡಿದರು, ಚೆನ್ನಾಗಿಯೇ ಹಾಡಿದರು. ಉಮಾಕಾಂತ ಹೇಳಿದ ಹಾಗೆ ಹೂವು ಹಿಡಿದು ದೂರದ ಮರದಡಿ ನಿಂತಿದ್ದ. ಆಮೇಲೆ ಧನಂಜಯ್ "ಆಂಟಿ" ಎಂದು ಜಾಗ ಬಿಟ್ಟ.

ವಿನೋದಿನಿ ಹಾಡಿದಳು. ಅವಳಿಗೆ ಬರುವುದು ಅದೊಂದೇ, ಆಲ್ಟೊ. ಒಂದೇ ಸ್ವರದಲ್ಲಿ ಮೂರು ಮಾತು, ಒಂದು ಮೆಟ್ಟಿಲು ಇಳಿದು ಮತ್ತೆ ಅಲ್ಲೇ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಾಪ, ದುಃಖಕ್ಕೆ ಹಾಡು ತಪ್ಪಿದೆ ಎಂದುಕೊಂಡು ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಗಿಟಾರಿನವನೊಬ್ಬ ಸಹಾಯಕ್ಕೆ ತಂತಿ ಮೀಟಿದ, ಎಲ್ಲಿ ಸೇರಬೇಕೋ ತಿಳಿಯದೆ ಬಿಟ್ಟ. ಹಳೆಯ ಕೀರ್ತನೆಯ ಸ್ವರ ಬಲ್ಲವರು ಅಲ್ಲಿ ಉಮಾಕಾಂತನನ್ನು ಬಿಟ್ಟರೆ ಯಾರಿದ್ದರು? ಅವನು ತಲೆ ತಗ್ಗಿಸಿ ನಿಂತಿದ್ದ.

ಎರಡನೇ ಚರಣಕ್ಕೆ ತೇಜಸ್ವಿನಿ ಹತ್ತಿರ ಬಂದು ಅವಳ ತೋಳು ಹಿಡಿದಳು. "ಆಂಟಿ, ದಟ್ಸ್ ನಾಟ್ ಹೌ ಇಟ್ ಗೋಸ್" ಎಂದಳು ಮೆಲ್ಲಗೆ. "ಮಮ್ಮಿ ಬೇರೆ ಥರ ಹಾಡ್ತಿದ್ರು." ಆ ಹುಡುಗಿಯ ಬಾಯಲ್ಲಿ ಕನ್ನಡ ಬಂದದ್ದನ್ನು ವಿನೋದಿನಿ ಅವತ್ತೇ ಕೇಳಿದ್ದು.

"ಹೌದು ಮಗಾ. ಅದು ನಿನ್ನಮ್ಮನದ್ದು, ನನಗೆ ಬರುವುದಿಲ್ಲ. ನಿನಗೆ ಬಂದರೆ ಹಾಡು."

ತೇಜಸ್ವಿನಿಗೆ ಮಾತುಗಳು ಗೊತ್ತಿರಲಿಲ್ಲ. ಬಾಯಿ ಮುಚ್ಚಿಯೇ ಗುನುಗಿದಳು, ಅಮ್ಮ ಅಡುಗೆಮನೆಯಲ್ಲಿ ಗುನುಗಿದ ಹಾಗೆ. ಥೇಟ್ ಶರ್ಮಿಳಾಳದೇ ದನಿ. ವಿನೋದಿನಿ ಅದರ ಕೆಳಗೆ ತನ್ನ ಸ್ವರ ಸೇರಿಸಿದಳು. ಒಂದು ಸಾಲು, ಒಂದೇ ಒಂದು ಸಾಲು, ಕೀರ್ತನೆ ಕೀರ್ತನೆಯಾಯಿತು. ಅಲ್ಲಿದ್ದವರಿಗೆಲ್ಲ ತಿಳಿಯಿತು ಅದು ಏನೆಂದು. ಧನಂಜಯ್ ಮುಖ ಮುಚ್ಚಿಕೊಂಡ.

"ಮುಂದಿನದು ಗೊತ್ತಿಲ್ಲ ಆಂಟಿ. ಐ ಡೋಂಟ್ ನೋ ದ ರೆಸ್ಟ್" ಎಂದು ಹುಡುಗಿ ಅಳತೊಡಗಿದಳು. ಉಳಿದದ್ದನ್ನು ವಿನೋದಿನಿ ಒಬ್ಬಳೇ ಹಾಡಿ ಮುಗಿಸಿದಳು. ಗುಂಡಿ ಮುಚ್ಚುವವನು ಗುದ್ದಲಿ ಎತ್ತುವ ಮೊದಲು "ಪೋಲೆ, ಮಾಮಾ" ಎಂದು ಸಮಾಧಾನ ಹೇಳಿದ.

ಮನೆಗೆ ಬಂದಾಗ ಮಧುಕರ ಅದೇ ಕುರ್ಚಿಯಲ್ಲಿದ್ದ. ಪಾಲಿಶ್ ಹಾಕಿದ ಬೂಟು ಕಾಲಲ್ಲಿತ್ತು; ಹೊರಡಲು ಎದ್ದಿದ್ದನೋ ಏನೋ, ಗೇಟಿನ ತನಕ ಹೋಗಿ ಬಂದಿದ್ದನೋ. ಅವಳು ಕೇಳಲಿಲ್ಲ. ಮಣ್ಣಾದ ಸೀರೆ ಬದಲಿಸಿ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಆಗ ಮನೆಯ ಮುಂದಿನ ಕೋಣೆಯಿಂದ ಕೇಳಿಸಿತು. ಸಂಜೆಯ ಕೀರ್ತನೆಯ ಬಾಸ್. ಮೊದಲು ತೀರಾ ಸಣ್ಣಗೆ, ಆಮೇಲೆ ಎಂದಿನ ತುಂಬು ದನಿ, ನಡುನಡುವೆ ಒಡೆಯುತ್ತಿತ್ತು. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ. ಒಂದು ಚರಣ ಮುಗಿಸಿ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಿನ್ನದು ಶುರುಮಾಡು ವಿನೋದಿನಿ" ಎಂದ.

ಅವಳು ಅಕ್ಕಿಯ ನೀರು ಬಸಿದಳು, ಇನ್ನೊಮ್ಮೆ ನೀರು ಹಿಡಿದಳು. ಅವನ ಕಡೆ ತಿರುಗಲಿಲ್ಲ.

"ಯಾರ ಜೊತೆ ಅಂತ ಹಾಡಲಿ, ಇವರೇ?" ಎಂದಳು. "ಮಟ್ಟು ಹಾಡುವವಳನ್ನು ಮಣ್ಣಲ್ಲಿಟ್ಟು ಬಂದೆ."